ಪೇಪರ್ ಹಾಕಿ ಧರ್ಮಸ್ಥಳಕ್ಕೆ: ಚಾರ್ಮಾಡಿ ಇಳಿಯುವ ಕಾಲ್ನಡಿಗೆ

ಶಿವರಾತ್ರಿಗೆ ಎಂಟು ಹತ್ತು ದಿನ ಇರುವಾಗ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನಿಂತರೆ ಧರ್ಮಸ್ಥಳದ ಪಾದಯಾತ್ರಿಗಳು ಗುಂಪುಗುಂಪಾಗಿ ಸಿಗುತ್ತಾರೆ. ಹೆಗಲಿಗೊಂದು ಸಣ್ಣ ಚೀಲ, ಹಿಂದೆ ಬ್ಯಾನರ್ ಕಟ್ಟಿದ ಟೆಂಪೋ, ಅದರಲ್ಲಿ ಅಡುಗೆ ಪಾತ್ರೆ ಮತ್ತು ಚಾಪೆ. ಇವರಲ್ಲಿ ಬಹುಪಾಲು ಜನ ರಜೆ ಹಾಕಿ ಬಂದವರು. ಯಶವಂತಪುರದಿಂದ ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಮಾರ್ಗವಾಗಿ ದಾರಿ ಸುಮಾರು 320 ಕಿ.ಮೀ. ಅದನ್ನು ಏಳೆಂಟು ದಿನದ ರಜೆಯಲ್ಲಿ ಮುಗಿಸಬೇಕೆಂದರೆ ದಿನಕ್ಕೆ 40 ಕಿ.ಮೀ. ಮೀರಿ ನಡೆಯಬೇಕು. ಹಾಸನ ಬರುವಷ್ಟರಲ್ಲಿ ಕುಂಟುವವರ ಸಾಲು ಶುರುವಾಗುವುದು ಭಕ್ತಿ ಕಡಿಮೆಯಾಗಿ ಅಲ್ಲ, ರಜೆ ಕಡಿಮೆಯಾಗಿ.

ಕೆಲಸ ಬಿಟ್ಟು ಹೊರಡುವವರಿಗೆ ಸಿಗುವ ದೊಡ್ಡ ಲಾಭ ಇಲ್ಲಿದೆ. ಅದೇ ದಾರಿಯನ್ನು ಎರಡು ವಾರಕ್ಕೆ ಹರಡಿದರೆ ದಿನಕ್ಕೆ 20ರಿಂದ 25 ಕಿ.ಮೀ. ಸಾಕು. ಈ ಲೆಕ್ಕ ಕೈಗೂಡಬೇಕಾದರೆ ತಯಾರಿ ಪೇಪರ್ ಹಾಕಿದ, ಅಂದರೆ ರಾಜೀನಾಮೆ ಕೊಟ್ಟ ದಿನವೇ ಶುರುವಾಗಬೇಕು.

ಮೊದಲು ಕಾಗದಪತ್ರದ ಕೆಲಸ, ಬೇಗ ಮುಗಿಸಿಬಿಡೋಣ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, ಸಾಮಾನ್ಯವಾಗಿ 60 ಅಥವಾ 90 ದಿನ. ಶಿವರಾತ್ರಿ ಮಾಘ ಬಹುಳ ಚತುರ್ದಶಿ, ಅಂದರೆ ಫೆಬ್ರುವರಿ ಮಧ್ಯದಿಂದ ಮಾರ್ಚ್ ಮೊದಲರ್ಧದೊಳಗೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ನಡಿಗೆಗೆ 15 ದಿನ, ನೋಟಿಸ್‌ಗೆ 90 ದಿನ. ಹಾಗಾಗಿ ನವೆಂಬರ್ ಆಸುಪಾಸಿನಲ್ಲಿ ರಾಜೀನಾಮೆ ಹೋಗಿರಬೇಕು. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಸ್ವಂತ ಪಾಲಿಸಿ ತೆಗೆದುಕೊಂಡರೂ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ಕ್ಲೇಮ್ ಸಿಗುವುದಿಲ್ಲ. ಆದ್ದರಿಂದ ಪಾಲಿಸಿಯನ್ನು ನೋಟಿಸ್ ಪೀರಿಯಡ್‌ನ ಮೊದಲ ತಿಂಗಳಲ್ಲೇ ಮಾಡಿಸಿ. ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡುವ ಗ್ರಾಚ್ಯುಟಿಗೆ ಖಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. ಕೊನೆಯ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ ಪಾಲು. ಐದು ವರ್ಷ ತುಂಬಲು ಎರಡು ತಿಂಗಳು ಬಾಕಿ ಇದ್ದರೆ ತಡೆಯುವುದು ಜಾಣತನ, ಶಿವರಾತ್ರಿ ಮುಂದಿನ ವರ್ಷವೂ ಬರುತ್ತದೆ.

ಇನ್ನು ಕಾಲಿನ ವಿಷಯ. ಇದಕ್ಕೆ ಅವಸರ ನಡೆಯುವುದಿಲ್ಲ. 90 ದಿನ ಅಂದರೆ ಹತ್ತಿರಹತ್ತಿರ ಹದಿಮೂರು ವಾರ. ವಾರದಲ್ಲಿ ನಾಲ್ಕು ದಿನ ಐದಾರು ಕಿ.ಮೀ., ಭಾನುವಾರ ಒಂದು ಉದ್ದ ನಡಿಗೆ. ಭಾನುವಾರದ್ದು 10 ಕಿ.ಮೀ.ಯಿಂದ ಶುರುವಾಗಿ ವಾರಕ್ಕೆ ಎರಡೇ ಕಿ.ಮೀ. ಏರಲಿ, ನಾಲ್ಕನೇ ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯಲಿ. ಉಸಿರು ಮತ್ತು ಸ್ನಾಯು ಮೂರ್ನಾಲ್ಕು ವಾರದಲ್ಲಿ ಒಗ್ಗಿಕೊಳ್ಳುತ್ತವೆ, ಆದರೆ ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಆರನೇ ವಾರದಲ್ಲಿ ಹುರುಪು ಬಂದು ಏಕಾಏಕಿ 30 ಕಿ.ಮೀ. ನಡೆದವರಿಗೆ ಹಿಮ್ಮಡಿ ನೋವು ಅಂಟಿಕೊಳ್ಳುವುದು ಇದರಿಂದಲೇ. ಹತ್ತನೇ ವಾರದ ಹೊತ್ತಿಗೆ ಶನಿವಾರ 20, ಭಾನುವಾರ 20 ಎಂದು ಬೆನ್ನುಬೆನ್ನಿಗೆ, ಚೀಲ ಹೊತ್ತು ನಡೆಯಲು ಬಂದರೆ ಸಾಕು. ನಿಜವಾದ ಪರೀಕ್ಷೆ ಎರಡನೇ ದಿನದ ಬೆಳಿಗ್ಗೆಯದು. ಹೊರಡುವ ಮುಂಚಿನ ಹತ್ತು ದಿನ ಹಗುರವಾಗಿರಲಿ.

ಎಲ್ಲಿ ನಡೆಯಬೇಕು ಎಂಬುದೂ ಮುಖ್ಯ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ಚೆಂದ, ನೆರಳಿದೆ, ಆದರೆ ಯಾತ್ರೆಯ ದಾರಿ ಪೂರ್ತಿ ಡಾಂಬರು. ಮೆತ್ತಗಿನ ಮಣ್ಣಿಗೆ ಒಗ್ಗಿದ ಪಾದ ಕುಣಿಗಲ್ ಮುಟ್ಟುವ ಮೊದಲೇ ಉರಿಯುತ್ತದೆ. ಹಾಗಾಗಿ ಅರ್ಧದಷ್ಟಾದರೂ ಅಭ್ಯಾಸ ರಸ್ತೆಯ ಮೇಲಾಗಲಿ. ಯಶವಂತಪುರದಿಂದ ಗೊರಗುಂಟೆಪಾಳ್ಯ, ಪೀಣ್ಯ, ದಾಸರಹಳ್ಳಿ ದಾಟಿ ಮಾದಾವರದವರೆಗೆ ನಡೆದು ಹಸಿರು ಮಾರ್ಗದ ಮೆಟ್ರೊದಲ್ಲಿ ವಾಪಸಾದರೆ ಮೊದಲ ದಿನದ ದಾರಿಯ ಪರಿಚಯವೂ ಆಗುತ್ತದೆ. ಪೀಣ್ಯದ ಹೊಗೆ, ಸರ್ವಿಸ್ ರಸ್ತೆಯಲ್ಲಿ ಎದುರು ನುಗ್ಗುವ ಬೈಕು, ಫುಟ್‌ಪಾತಿನ ತೆರೆದ ಕಲ್ಲು ಎಲ್ಲವೂ ಅಲ್ಲೇ ಗೊತ್ತಾಗುತ್ತವೆ. ಇಳಿಜಾರಿನ ಅಭ್ಯಾಸವನ್ನು ಮರೆಯುವವರೇ ಹೆಚ್ಚು. ಕೊನೆಯಲ್ಲಿ ಚಾರ್ಮಾಡಿ ಇಳಿಯಬೇಕು, ಇಳಿಯುವಾಗ ಕೆಲಸ ಬೀಳುವುದು ತೊಡೆಯ ಮುಂಭಾಗಕ್ಕೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯಬಹುದು. ವಾಚ್‌ಮನ್ ವಿಚಿತ್ರವಾಗಿ ನೋಡುತ್ತಾರೆ, ಅಷ್ಟೇ.

ಶೂ ಮಾಮೂಲಿಗಿಂತ ಅರ್ಧ ಅಥವಾ ಒಂದು ಸೈಜ್ ದೊಡ್ಡದಿರಲಿ, ಸಂಜೆ ಹೊತ್ತು ಕೊಳ್ಳಿ, ದಿನವಿಡೀ ಓಡಾಡಿದ ಪಾದ ಊದಿರುತ್ತದೆ. ಹೊರಡುವ ಮೊದಲು ಅದರಲ್ಲಿ ಕನಿಷ್ಠ 80–100 ಕಿ.ಮೀ. ನಡೆದಿರಬೇಕು. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಒದ್ದೆ ಚರ್ಮ ಉಜ್ಜಿದರೆ ಬೊಬ್ಬೆ. ಸಿಂಥೆಟಿಕ್ ಅಥವಾ ಉಣ್ಣೆ ಬೆರೆತದ್ದು ಮೂರು ಜೊತೆ ಸಾಕು. ಚೀಲದ ಭಾರ ದೇಹದ ತೂಕದ ಹತ್ತರಲ್ಲೊಂದು ಪಾಲು ಮೀರಬಾರದು: ಎರಡು ಜೊತೆ ಬಟ್ಟೆ, ಪಂಚೆ, ಟವೆಲ್, ತೆಳು ಹೊದಿಕೆ, ಟಾರ್ಚು, ತಟ್ಟೆ ಲೋಟ, ಎರಡು ಲೀಟರ್ ನೀರು, ಮತ್ತು ಕತ್ತಲಲ್ಲಿ ಹೊಳೆಯುವ ಜಾಕೆಟ್ಟು. ಆ ಜಾಕೆಟ್ಟು ಬಿಟ್ಟು ಬೇರೇನನ್ನು ಬೇಕಾದರೂ ಮರೆಯಬಹುದು.

ನೆಲಮಂಗಲದವರೆಗಿನ ಮೊದಲ 20 ಕಿ.ಮೀ. ಊರಿನ ಗದ್ದಲದಲ್ಲೇ ಕಳೆಯುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟರೆ ಟ್ರಾಫಿಕ್ ಏರುವ ಮೊದಲು ಪೀಣ್ಯ ದಾಟಬಹುದು. ನೆಲಮಂಗಲದಲ್ಲಿ ಎಡಕ್ಕೆ ಹೊರಳಿದರೆ ರಾಷ್ಟ್ರೀಯ ಹೆದ್ದಾರಿ 75. ಸೋಲೂರು, ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ, ಹಾಸನ ಎಲ್ಲವೂ ಇದೇ ದಾರಿಯಲ್ಲಿ. ನೋಡಲು ಬೇಸರದ ರಸ್ತೆ, ನೆರಳೂ ಕಡಿಮೆ, ಆದರೆ ಎಡವಟ್ಟುಗಳು ಹೆಚ್ಚಾಗಿ ಆಗುವುದು ಇಲ್ಲೇ.

ಮೊದಲನೆಯದು ರಸ್ತೆಯ ವಾಟ. ಮಳೆನೀರು ಹರಿದುಹೋಗಲೆಂದು ಹೆದ್ದಾರಿಯನ್ನು ಅಂಚಿನ ಕಡೆ ಇಳಿಜಾರಾಗಿ ಮಾಡಿರುತ್ತಾರೆ. ದಿನಗಟ್ಟಲೆ ಒಂದೇ ಅಂಚಿನಲ್ಲಿ ನಡೆದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ, ಮೂರನೇ ದಿನಕ್ಕೆ ಅದೇ ಬದಿಯ ಮೊಣಕಾಲೋ ಸೊಂಟವೋ ಹಿಡಿಯುತ್ತದೆ. ಎದುರು ಬರುವ ವಾಹನ ಕಾಣುವಂತೆ ನಡೆಯುವುದು ಸುರಕ್ಷಿತ ನಿಜ, ಹಾಗಾಗಿ ಸರ್ವಿಸ್ ರಸ್ತೆ ಇದ್ದಲ್ಲೆಲ್ಲ ಅದಕ್ಕಿಳಿದು ಬದಿ ಬದಲಿಸುತ್ತಿರಿ. ಹರಕೆ ಹೊತ್ತು ಬರಿಗಾಲಲ್ಲಿ ಬರುವವರು ಬೆಳಿಗ್ಗೆ ಹತ್ತು ದಾಟಿದ ಮೇಲೆ ಅಂಚಿನ ಬಿಳಿ ಪಟ್ಟಿಯ ಮೇಲೆಯೇ ಹೆಜ್ಜೆ ಇಡುವುದನ್ನು ಗಮನಿಸಬಹುದು. ಕರಿ ಡಾಂಬರು ಸುಡುವಾಗ ಬಿಳಿ ಬಣ್ಣ ಅಷ್ಟು ಕಾದಿರುವುದಿಲ್ಲ. ಒಂದು ಅಂಗೈ ಅಗಲದ ಪಟ್ಟಿ, ಅದರ ಪಕ್ಕದಲ್ಲೇ ಲಾರಿಗಳು.

ಎರಡನೆಯದು ಬೊಬ್ಬೆ. ಪಾದದ ಒಂದು ಜಾಗ ಬಿಸಿಯಾಗಿ ಚುರುಗುಟ್ಟಿದ ತಕ್ಷಣ ನಿಲ್ಲಬೇಕು. ಮುಂದಿನ ಟೀ ಅಂಗಡಿಯವರೆಗೆ ತಡೆಯೋಣ ಎಂದರೆ ಆಗಲೇ ನೀರು ತುಂಬಿರುತ್ತದೆ. ಶೂ ಬಿಚ್ಚಿ, ಒರೆಸಿ, ಒಣಗಿಸಿ, ಮೆಡಿಕಲ್ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಕಾಲುಚೀಲಕ್ಕೆ ಸಿಕ್ಕಿ ಏಳುವುದಿಲ್ಲ. ಬೊಬ್ಬೆ ಎದ್ದೇ ಬಿಟ್ಟಿದ್ದು ನಡೆಯಲು ಬಿಡದಷ್ಟು ಬಿಗಿದಿದ್ದರೆ ಹೊಸ ಸೂಜಿಯಿಂದ ಬುಡದ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಒತ್ತಿ ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಅದೇ ಒಳ್ಳೆಯ ಬ್ಯಾಂಡೇಜು. ಪೊವಿಡೋನ್ ಅಯೋಡಿನ್ ಹಚ್ಚಿ ಮುಚ್ಚಿ. ಸಕ್ಕರೆ ಕಾಯಿಲೆ ಇರುವವರು ಚುಚ್ಚುವ ಕೆಲಸಕ್ಕೆ ಕೈಹಾಕದೆ ವೈದ್ಯರಿಗೆ ತೋರಿಸಬೇಕು. ತೊಡೆಸಂದಿ ಉಜ್ಜಿ ಗಾಯವಾಗುವುದಕ್ಕೆ ಬೆಳಿಗ್ಗೆಯೇ ವ್ಯಾಸಲೀನ್ ಹಚ್ಚಿಕೊಳ್ಳುವುದೊಂದೇ ದಾರಿ.

ಮೂರನೆಯದು ನೀರು. ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ವಾಪಸು ಬರುವುದಿಲ್ಲ. ತಲೆನೋವು, ವಾಕರಿಕೆ, ಮೀನಖಂಡ ಸೆಳೆತ. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಲೋಟದಲ್ಲಿ ಅಂದಾಜಿಗೆ ಸುರಿದು ಕಲಸಿದರೆ ಗಟ್ಟಿಯಾಗಿ ಭೇದಿಯೇ ಹೆಚ್ಚಾಗುತ್ತದೆ. ದಾರಿಯಲ್ಲಿ ದಾನಿಗಳು ಕೊಡುವ ಉಪ್ಪು ಹಾಕಿದ ಮಜ್ಜಿಗೆ ಇದಕ್ಕೇನೂ ಕಡಿಮೆಯಲ್ಲ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಗುಂಪಿನಲ್ಲಿ ಹಂಚಿಕೊಳ್ಳುವ ರೂಢಿ ಇದೆ. ದೇಹದಲ್ಲಿ ನೀರು ಕಡಿಮೆ ಇರುವಾಗ ಅವು ಮೂತ್ರಪಿಂಡಕ್ಕೆ ಕೆಟ್ಟದ್ದು.

ಊಟ, ವಸತಿಗೆ ಎಡೆಯೂರು ಸಿದ್ಧಲಿಂಗೇಶ್ವರ ಕ್ಷೇತ್ರ ಒಳ್ಳೆಯ ನಿಲುಗಡೆ, ದಾಸೋಹ ಇದೆ. ಉಳಿದ ಕಡೆ ಕಲ್ಯಾಣ ಮಂಟಪ, ಶಾಲೆ, ದೇವಸ್ಥಾನದ ಜಗಲಿ. ಇಲ್ಲೊಂದು ಕೊಟ್ಟು ತೆಗೆದುಕೊಳ್ಳುವ ಲೆಕ್ಕವಿದೆ. ಗುಂಪುಗಳಿಗಿಂತ ನಾಲ್ಕೈದು ದಿನ ಮೊದಲು ಹೊರಟರೆ ರಸ್ತೆ ಖಾಲಿ, ಜಗಲಿಯಲ್ಲಿ ಜಾಗ ಖಾಲಿ, ಆದರೆ ದಾನಿಗಳ ಚಪ್ಪರಗಳು ಇನ್ನೂ ಎದ್ದಿರುವುದಿಲ್ಲ. ಊಟ ಹೋಟೆಲಿನಲ್ಲೇ ಆಗಬೇಕು. ಕೆಲಸ ಬಿಟ್ಟವರಿಗೆ ಖರ್ಚು ಸ್ವಲ್ಪ ಹೆಚ್ಚಾದರೂ ಮೊದಲೇ ಹೊರಡುವುದು ಲೇಸು. ಚನ್ನರಾಯಪಟ್ಟಣದಲ್ಲಿ ಒಂದು ದಿನ ಹೆಚ್ಚಿಗೆ ಇದ್ದರೆ ಹತ್ತಿರದ ಶ್ರವಣಬೆಳಗೊಳಕ್ಕೆ ಹೋಗಿಬರಬಹುದು, ಬಸ್ಸಿನಲ್ಲಿ ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೆಟ್ಟ ಹತ್ತುವುದು ಮಾತ್ರ ಬರಿಗಾಲಲ್ಲಿ, ಬೊಬ್ಬೆ ಇದ್ದರೆ ಬೇಡ.

ಹಾಸನದಲ್ಲಿ ಅರ್ಧ ದಿನ ಕಾಲು ಚಾಚಿ ಕೂರಬೇಕು. ಇಲ್ಲಿಂದ ಬೇಲೂರಿಗೆ ಸುಮಾರು 38 ಕಿ.ಮೀ., ನಡುವೆ ಹಗರೆಯಲ್ಲಿ ಒಂದು ರಾತ್ರಿ ತಂಗಿದರೆ ಮರುದಿನ ಮಧ್ಯಾಹ್ನದೊಳಗೆ ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯವನ್ನು ಸಂಜೆಯ ಓರೆ ಬೆಳಕಿನಲ್ಲಿ ನೋಡಲು ಏಳೆಂಟು ದಿನದ ರಜೆಯವರಿಗೆ ಪುರುಸೊತ್ತಿರುವುದಿಲ್ಲ.

ಬೇಲೂರಿನಿಂದ ಮುಂದೆ ವೇಳಾಪಟ್ಟಿ ತಲೆಕೆಳಗು. ಅಲ್ಲಿಯವರೆಗೆ ನಸುಕಿನಲ್ಲಿ ಹೊರಡುವುದು ಸರಿ, ಇಲ್ಲಿಂದ ಬೆಳಕು ಹರಿಯದೆ ಹೊರಡಬಾರದು. ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕಾಡಾನೆಗಳ ಓಡಾಟವಿದೆ, ಅವು ರಸ್ತೆ ದಾಟುವುದು ಹೆಚ್ಚಾಗಿ ಕತ್ತಲಲ್ಲಿ. ಬೆಳಿಗ್ಗೆ ಹೊರಡುವ ಮೊದಲು ಟೀ ಅಂಗಡಿಯಲ್ಲಿ ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಕಿವಿಗೆ ಇಯರ್‌ಫೋನ್ ಬೇಡ. ಇದು ನೆರಳಿನ ದಾರಿ, ಬಿಸಿಲಿನ ಕಾಟ ಇಳಿದಿರುತ್ತದೆ. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಆಗಿದ್ದರೆ ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ಪರಿಮಳ. ಮೂಡಿಗೆರೆಯಿಂದ ಬಣಕಲ್ ಮೇಲೆ ಕೊಟ್ಟಿಗೆಹಾರ ಸುಮಾರು 20 ಕಿ.ಮೀ. ಅಲ್ಲಿಯ ನೀರುದೋಸೆಗೆ ಹೆಸರಿದೆ. ರಾತ್ರಿ ಚಳಿ ಜೋರು, ತೆಳು ಹೊದಿಕೆ ಸಾಲದೆನಿಸುವುದು ಇಲ್ಲಿ ಮಾತ್ರ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿಗೆ ಸುಮಾರು 24 ಕಿ.ಮೀ. ಘಾಟಿ. ಹೊರಡುವ ಮೊದಲು ಉಗುರು ಕತ್ತರಿಸಿರಬೇಕು, ಲೇಸನ್ನು ಕಣಕಾಲಿನ ಹತ್ತಿರದ ಕೊನೆಯ ತೂತಿನವರೆಗೆ ಏರಿಸಿ ಬಿಗಿ ಕಟ್ಟಬೇಕು. ಹಿಮ್ಮಡಿ ಹಿಂದಕ್ಕೆ ಕೂತರೆ ಬೆರಳು ಮುಂದಕ್ಕೆ ಜಾರಿ ಶೂಗೆ ಗುದ್ದುವುದಿಲ್ಲ. ಹೆಬ್ಬೆರಳಿನ ಉಗುರು ಕಪ್ಪಾಗಿ ಬೀಳುವುದು ಈ ಗುದ್ದಿನಿಂದಲೇ. ಹೆಜ್ಜೆ ಚಿಕ್ಕದಾಗಿ, ಮಂಡಿ ಸ್ವಲ್ಪ ಬಾಗಿಸಿ ಇಳಿಯಿರಿ. ಓಡಿ ಇಳಿದರೆ ಮರುದಿನ ಉಜಿರೆಯಲ್ಲಿ ಮೆಟ್ಟಿಲು ಹತ್ತಲು ಆಗುವುದಿಲ್ಲ. ತಿರುವುಗಳಲ್ಲಿ ಒಳಮೈಗೆ ಅಂಟಿಕೊಂಡು ನಡೆದರೆ ಬಸ್ಸಿನ ಹಿಂಚಕ್ರ ಅಲ್ಲಿಗೇ ಬರುತ್ತದೆ, ಹೊರಬದಿಯ ತಡೆಗೋಡೆಯ ಪಕ್ಕ ವಾಸಿ. ಬೇಸಿಗೆಗೆ ಝರಿಗಳು ಸೊರಗಿರುವುದರಿಂದ ನೀರನ್ನು ಮೇಲಿನಿಂದಲೇ ತುಂಬಿಕೊಂಡು ಹೋಗಿ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಎಲ್ಲರೂ ನಿಲ್ಲುತ್ತಾರೆ. ಯಾತ್ರೆಯ ದಿನಗಳಲ್ಲಿ ಈ ಕಾಡಿನಂಚಿನಲ್ಲಿ ಬೀಳುವ ಪ್ಲಾಸ್ಟಿಕ್ ಲೋಟ, ತಟ್ಟೆಗಳನ್ನು ನೋಡಿದರೆ ನಾಚಿಕೆಯಾಗಬೇಕು. ಸ್ವಂತ ತಟ್ಟೆ ಲೋಟ ಹೇಳಿದ್ದು ಇದಕ್ಕೇ.

ಘಾಟಿ ಇಳಿದೊಡನೆ ಹವೆ ಬದಲು. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಕೊನೆಯ ದಿನದ ದೂರ ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು. ಕಕ್ಕಿಂಜೆಯಲ್ಲಿ ತಂಗಿ, ಮುಂಡಾಜೆ, ಸೋಮಂತಡ್ಕ, ಉಜಿರೆ, ಕನ್ಯಾಡಿ ದಾಟಿದರೆ ನೇತ್ರಾವತಿ ಸ್ನಾನಘಟ್ಟ. ತೆರೆದ ಬೊಬ್ಬೆ ಇದ್ದವರು ನದಿಯಲ್ಲಿ ಪಾದ ನೆನೆಸುವುದಕ್ಕಿಂತ ತಲೆಗೆ ನೀರು ಪ್ರೋಕ್ಷಿಸಿಕೊಂಡು ರೂಮಿನಲ್ಲಿ ಸ್ನಾನ ಮಾಡುವುದು ಕ್ಷೇಮ. ದೇವಸ್ಥಾನದೊಳಗೆ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ಶಿವರಾತ್ರಿಯ ಸಾಲಿನಲ್ಲಿ ಗಂಟೆಗಟ್ಟಲೆ ಬರಿಗಾಲಲ್ಲಿ ನಿಲ್ಲಬೇಕಾಗುವುದರಿಂದ ಟೇಪು ಹೊಸದಾಗಿ ಸುತ್ತಿಕೊಂಡೇ ಹೋಗಿ. ಊಟಕ್ಕೆ ಅನ್ನಪೂರ್ಣ ಛತ್ರವಿದೆ.

ಜಾಗರಣೆಯ ಮರುದಿನ ಬೆಂಗಳೂರಿನ ಬಸ್ಸುಗಳಿಗೆ ನೂಕುನುಗ್ಗಲು. ರಜೆ ಮುಗಿದವರು ಅವತ್ತೇ ಹತ್ತಬೇಕು, ಉಳಿದವರು ಒಂದು ದಿನ ಬಿಟ್ಟು ಸೀಟು ಕಾದಿರಿಸಿ. ರಾತ್ರಿ ಬಸ್ಸಿನಲ್ಲಿ ಏಳೆಂಟು ಗಂಟೆ ಕಾಲು ಇಳಿಬಿಟ್ಟು ಕೂತರೆ ದಣಿದ ಪಾದ ಊದಿಕೊಳ್ಳುತ್ತದೆ. ಬಸ್ಸು ನಿಂತಾಗಲೆಲ್ಲ ಕೆಳಗಿಳಿದು ನಾಲ್ಕು ಹೆಜ್ಜೆ ಓಡಾಡಿ, ಊರಿಗೆ ಬಂದ ಮೇಲೂ ವಾರ ಹತ್ತು ದಿನ ದಿನಕ್ಕೆ ಎರಡು ಮೂರು ಕಿ.ಮೀ. ಮೀರಬೇಡಿ. ಊತ ಒಂದೇ ಕಾಲಿನಲ್ಲಿದ್ದು ಮೀನಖಂಡ ನೋಯುತ್ತಿದ್ದರೆ ಅದು ದಣಿವೆಂದು ಸುಮ್ಮನಿರದೆ ಅಂದೇ ವೈದ್ಯರಿಗೆ ತೋರಿಸಿ.