ಹದಿನಾಲ್ಕಕ್ಕೆ ಹದಿನಾಲ್ಕು

ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಜಾಲತಾಣಗಳನ್ನು ಅಳೆಯಲು ವಿದ್ಯಾರ್ಥಿಗಳಿಗೆಂದು ನಾನೇ ಒಂದು ಪ್ರಶ್ನಾವಳಿ ತಯಾರಿಸಿದ್ದೆ. ಒಟ್ಟು 14 ಪ್ರಶ್ನೆ. ಲೇಖಕರ ಹೆಸರಿದೆಯೇ, ದಿನಾಂಕವಿದೆಯೇ, ಆಕರಗಳನ್ನು ಕೊಟ್ಟಿದ್ದಾರೆಯೇ, ಕಾಗುಣಿತ ಸರಿಯಿದೆಯೇ, ವಿಳಾಸದ ಕೊನೆಯಲ್ಲಿ ಡಾಟ್ ಆರ್ಗ್ (ಲಾಭಕ್ಕಲ್ಲದ ಸಂಸ್ಥೆಗಳದ್ದೆಂದು ಹಲವರು ನಂಬುವ ಗುರುತು) ಇದೆಯೇ, ಹೀಗೆ. 12ಕ್ಕಿಂತ ಹೆಚ್ಚು ಟಿಕ್ ಬಿದ್ದರೆ ಧೈರ್ಯವಾಗಿ ಬಳಸಿ ಎನ್ನುತ್ತಿದ್ದೆ. ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಹಂಚುವಾಗ ಇದ್ದ ಗತ್ತು ನೆನಪಾದರೆ ಈಗ ಮುಜುಗರವಾಗುತ್ತದೆ.

ನಿದ್ರೆ ಮತ್ತು ನೆನಪಿನ ಶಕ್ತಿಯ ಕುರಿತು ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿಯೊಬ್ಬಳು ಹದಿನಾಲ್ಕಕ್ಕೆ ಹದಿನಾಲ್ಕೂ ಟಿಕ್ ಹಾಕಿದ ಹಾಳೆ ತಂದಳು. ತಾಣದ ಹೆಸರಿನಲ್ಲೇ ‘ಸಂಶೋಧನೆ’ ಎಂಬ ಪದ. ಡಾಕ್ಟರ್ ಎಂದು ಬರೆದುಕೊಂಡ ಲೇಖಕರು, ಉದ್ದಕ್ಕೂ ಅಡಿಟಿಪ್ಪಣಿಗಳು, ಕೆಳಗೆ ಅದೇ ವರ್ಷದ ಇಸವಿ. ನಾನೂ ತಲೆಯಾಡಿಸಿದೆ. ಅವಳ ಮಾರ್ಗದರ್ಶಕರು ವರದಿಯನ್ನು ವಾಪಸು ಕಳುಹಿಸಿದ ಮೇಲೆ ಇಬ್ಬರೂ ಕೂತು ಆ ತಾಣವನ್ನು ಮತ್ತೆ ತೆರೆದೆವು. ‘ನಮ್ಮ ಬಗ್ಗೆ’ ಪುಟದಲ್ಲಿ ಸೇವಾ ಮನೋಭಾವದ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಯಾರೂ ಓದದ ಗೌಪ್ಯತಾ ನೀತಿಯ ಪುಟದಲ್ಲಿ ಮಾಲೀಕರ ಹೆಸರಿತ್ತು: ಹಾಸಿಗೆ ಮಾರುವ ಒಂದು ಕಂಪನಿ!

“ಮೇಡಂ, ನಿಮ್ಮ ಹಾಳೆಯಲ್ಲಿ ಎಲ್ಲದಕ್ಕೂ ಟಿಕ್ ಬಂತಲ್ಲ?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ನಾನು ಕೊಟ್ಟಿದ್ದ ಅಷ್ಟೂ ಪ್ರಶ್ನೆಗಳು ತಾಣವನ್ನು ಕುರಿತು ಆ ತಾಣವನ್ನೇ ಕೇಳುವಂಥವು. ಸಾಲ ಕೇಳಲು ಬಂದವನನ್ನೇ “ನೀನು ನಂಬಿಕಸ್ಥನೇ?” ಎಂದು ಕೇಳಿದ ಹಾಗೆ. ಡಾಟ್ ಆರ್ಗ್ ವಿಳಾಸವನ್ನು ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದು. ಅಮೆರಿಕದ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಡಾಟ್ ಆರ್ಗ್ ತಾಣವೊಂದನ್ನು ವರ್ಷಗಟ್ಟಲೆ ನಡೆಸಿದ್ದು ಸ್ಟಾರ್ಮ್‌ಫ್ರಂಟ್ ಎಂಬ ಬಿಳಿಯರ ಶ್ರೇಷ್ಠತಾವಾದಿ ಗುಂಪು. ಪುಟದ ಅಡಿಯಲ್ಲಿ ಕಾಣುವ ಇಸವಿಯನ್ನು ಎಷ್ಟೋ ಕಡೆ ಒಂದು ಸಾಲಿನ ಕೋಡ್ ಪ್ರತಿ ಜನವರಿಗೆ ತಾನೇ ಬದಲಿಸುತ್ತದೆ. ಲೇಖನ ಹತ್ತು ವರ್ಷ ಹಳೆಯದಾಗಿದ್ದರೂ ಇಸವಿ ಮಾತ್ರ ಹೊಸದು. ಅಡಿಟಿಪ್ಪಣಿಗಳ ಕತೆಯೂ ಅಷ್ಟೆ. ಆ ಹಾಸಿಗೆ ತಾಣದಲ್ಲಿ ಮೂರು ಕೊಂಡಿಗಳನ್ನು ಒತ್ತಿ ನೋಡಿದೆವು. ಎರಡು ಅದೇ ತಾಣದ ಬೇರೆ ಪುಟಗಳಿಗೆ ಹೋದವು.

ಆಮೇಲೆ 2017ರ ಒಂದು ಅಧ್ಯಯನ ಓದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರ ಮುಂದೆ ಜಾಲತಾಣಗಳನ್ನು ಇಟ್ಟಿದ್ದರು: 10 ಇತಿಹಾಸಕಾರರು, ಸುದ್ದಿಯಲ್ಲಿನ ಸಂಗತಿಗಳು ನಿಜವೇ ಎಂದು ಪರೀಕ್ಷಿಸುವ 10 ಫ್ಯಾಕ್ಟ್‌ಚೆಕರ್‌ಗಳು, 25 ವಿದ್ಯಾರ್ಥಿಗಳು. ವಿದ್ಯಾರ್ಥಿಗಳ ಜೊತೆಗೆ ಪಿಎಚ್‌ಡಿ ಪಡೆದ ಇತಿಹಾಸಕಾರರಲ್ಲೂ ಹಲವರು ಪುಟವನ್ನು ಮೇಲಿನಿಂದ ಕೆಳಗೆ ಓದುತ್ತ, ಲಾಂಛನ ಮತ್ತು ವಿಳಾಸ ನೋಡಿ ಮೋಸಹೋದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಪುಟದಿಂದ ಬೇಗನೆ ಹೊರಬಿದ್ದು, ಹೊಸ ಟ್ಯಾಬ್‌ಗಳಲ್ಲಿ ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಬರೆದಿದ್ದಾರೆಂದು ಹುಡುಕಿದರು. ಆ ಪುಟಗಳನ್ನು ಕಡಿಮೆ ಓದಿದವರೇ ಸರಿಯಾಗಿ ತಿಳಿದುಕೊಂಡರು. ಪುಸ್ತಕಗಳ ನಡುವೆ ಬದುಕುವ ನನಗೆ ಇದನ್ನು ಒಪ್ಪಲು ಸ್ವಲ್ಪ ಕಷ್ಟವಾಯಿತು.

ಈಗ ನನ್ನ ಹಾಳೆಯಲ್ಲಿ ಒಂದೇ ಪ್ರಶ್ನೆ: ಈ ತಾಣದ ಬಗ್ಗೆ ಹೊರಗಿನವರು ಏನೆನ್ನುತ್ತಾರೆ? ಅದರ ಕೆಳಗೆ ಬರೆಯಲು ಖಾಲಿ ಜಾಗ. ಟಿಕ್ ಹಾಕುವ ಚೌಕಗಳಿಲ್ಲ.

ಇದರಲ್ಲೂ ಒಂದು ತೊಡಕಿದೆ. “ಹತ್ತು ಕಡೆ ಇದನ್ನೇ ಬರೆದಿದ್ದಾರೆ” ಎಂದು ವಿದ್ಯಾರ್ಥಿಗಳು ನಿಶ್ಚಿಂತರಾಗಿಬಿಡುತ್ತಾರೆ. ಅಂಥವರಿಗೆ ನಾನು ಕೊವಾಟಿಯ ಕತೆ ಹೇಳುತ್ತೇನೆ. 2008ರಲ್ಲಿ ಅಮೆರಿಕದ ಒಬ್ಬ ಹುಡುಗ ತಮಾಷೆಗೆಂದು, ಕೊವಾಟಿ ಎಂಬ ಪ್ರಾಣಿಗೆ ‘ಬ್ರೆಜಿಲ್‌ನ ಆರ್ಡ್‌ವಾರ್ಕ್’ ಎಂಬ ಹೆಸರೂ ಉಂಟೆಂದು ವಿಕಿಪೀಡಿಯಕ್ಕೆ ಸೇರಿಸಿದ (ಆರ್ಡ್‌ವಾರ್ಕ್ ಆಫ್ರಿಕದ ಬೇರೆಯೇ ಪ್ರಾಣಿ). ಬ್ರಿಟನ್ನಿನ ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಕೊನೆಗೆ ವಿಕಿಪೀಡಿಯ ಪುಟದಲ್ಲೇ ಆ ಹೆಸರಿಗೆ ಪತ್ರಿಕೆಯೊಂದು ಆಧಾರವಾಗಿ ಬಂದು ಕೂತಿತು! 

ಕತೆ ಮುಗಿದ ಮೇಲೆ ಅವರಿಂದಲೇ ವಿಕಿಪೀಡಿಯದ ‘ಇತಿಹಾಸ’ ಟ್ಯಾಬ್ ತೆರೆಸುತ್ತೇನೆ. ಯಾವ ಸಾಲು ಯಾವ ದಿನ ಸೇರಿತೆಂಬುದು ಅಲ್ಲಿ ಸಿಗುತ್ತದೆ. ಉಳಿದ ಒಂಬತ್ತು ತಾಣಗಳ ದಿನಾಂಕಗಳು ಅದಕ್ಕಿಂತ ಈಚಿನವಾದರೆ, ಹತ್ತು ಕಡೆ ಎಂದದ್ದು ಒಂದೇ ಕಡೆಯಾಗಿರುವ ಸಂಭವವೇ ಹೆಚ್ಚು.