"ಅಲ್ಲಿ ಚರ್ಚಿಗೆ ಹೋಗ್ಲಿಕ್ಕೆ ಬಿಡ್ತಾರಾ?"

ದುಬೈಯಲ್ಲಿ ಹದಿಮೂರು ವರ್ಷ ಕೆಲಸ ಮಾಡಿ ಊರಿಗೆ ಬಂದವಳು ನಾನು. ಮಂಗಳೂರಿನ ಕಥೊಲಿಕ್ ಮನೆಯವಳು. ಈ ಎರಡು ಸಂಗತಿ ಗೊತ್ತಾದ ಕೂಡಲೇ ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ನಿಮ್ಮನ್ನು ಚರ್ಚಿಗೆ ಹೋಗ್ಲಿಕ್ಕೆ ಬಿಡ್ತಾರಾ?" ಬಸ್ಸಿನಲ್ಲಿ ಕೇಳಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕಳಿಸುತ್ತೇನೆ.

ಹೌದು, ಬಿಡ್ತಾರೆ. ದುಬೈಯ ಊದ್ ಮೇಥಾದಲ್ಲಿ ಸಂತ ಮರಿಯಮ್ಮನವರ ಇಗರ್ಜಿ, ಅಂದರೆ ಚರ್ಚು, ಇದೆ. ಜಾಗ ಕೊಟ್ಟವರು ಆಗ ದುಬೈ ಆಳುತ್ತಿದ್ದ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್. ಇಗರ್ಜಿ ತೆರೆದದ್ದು 1967ರಲ್ಲಿ, ಅಂದರೆ ದುಬೈ, ಅಬುಧಾಬಿ ಮುಂತಾದ ಎಮಿರೇಟುಗಳು ಸೇರಿ ಯುಎಇ ಅನ್ನುವ ಒಂದು ದೇಶವಾಗುವ ನಾಲ್ಕು ವರ್ಷ ಮೊದಲು. ಅಬುಧಾಬಿಯಲ್ಲಿ, ಜೆಬೆಲ್ ಅಲಿಯಲ್ಲಿ ಇಗರ್ಜಿಗಳಿವೆ. ಬಹ್ರೇನಿನ ಮನಾಮದಲ್ಲಿ 1939ರಿಂದ ಇದೆ. ಕುವೈತಿನಲ್ಲಿ ಇದೆ, ಕತಾರಿನ ದೋಹಾದಲ್ಲಿ 2008ರಲ್ಲಿ ಆಯಿತು. ಸೌದಿಯಲ್ಲಿ ಮಾತ್ರ ಒಂದೂ ಇಲ್ಲ. ನನ್ನ ಅಣ್ಣ ಅಲ್ಲಿ ಎಂಟು ವರ್ಷ ಇದ್ದ. ರೂಮಿನ ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಏಸಿಯ ಸದ್ದು ಜೋರು ಮಾಡಿ ನಾಲ್ಕೈದು ಜನ ಪಿಸುಗುಟ್ಟಿಕೊಂಡು ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಿದ್ದರಂತೆ. ಇವತ್ತಿಗೂ ಅವನು ಜಪಮಾಲೆ ಹಿಡಿದರೆ ಪಕ್ಕದಲ್ಲಿ ಕೂತವರಿಗೆ ಕೇಳುವುದಿಲ್ಲ. ಹಾಗಾಗಿ "ಗಲ್ಫ್" ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಇಷ್ಟು ಹೇಳಿದರೆ ಪ್ರಶ್ನೆ ಮುಗಿಯಬೇಕಿತ್ತು, ಮುಗಿಯುವುದಿಲ್ಲ. ಹೋದ ವರ್ಷ ನಮ್ಮ ಬೀದಿಯಲ್ಲೇ ಒಂದು ಗೃಹಪ್ರವೇಶ. ಊಟ ಮುಗಿಸಿ ಚಪ್ಪರದಡಿ ಕೂತಿದ್ದೆವು. ನಿವೃತ್ತರಾದ ಹಿರಿಯರೊಬ್ಬರು ಹತ್ತು ಜನರೆದುರು, "ಬಾಯಮ್ಮ, ಅಲ್ಲಿ ನಿಮ್ಮನ್ನು ಚರ್ಚಿಗೆ ಬಿಡ್ತಾರಾ?" ಎಂದರು. ದೊಡ್ಡ ಇಗರ್ಜಿಯೇ ಇದೆ, ವಾರಕ್ಕೆ ಸಾವಿರಾರು ಜನ ಬರುತ್ತಾರೆ, ಕೊಂಕಣಿಯಲ್ಲೂ ಪೂಜೆ ಇರುತ್ತದೆ ಎಂದೆ. ಅವರ ಮುಖ ಸಣ್ಣಗಾಯಿತು. "ಆದ್ರೆ ಗಂಟೆ ಬಾರಿಸ್ಲಿಕ್ಕಿಲ್ಲ, ಅಲ್ವಾ?" ಇಲ್ಲ ಎಂದೆ. "ರಸ್ತೆಯಲ್ಲಿ ಮೆರವಣಿಗೆ?" ಅದೂ ಇಲ್ಲ, ಎಲ್ಲ ಕಾಂಪೌಂಡಿನ ಒಳಗೆ. ಅವರಿಗೆ ಬೇಕಾದದ್ದು ಸಿಕ್ಕಿತು. ಸುತ್ತ ನೋಡಿ, "ಕಂಡ್ರಾ? ನಾವು ಇಲ್ಲಿ ಇವರನ್ನೆಲ್ಲ ಎಷ್ಟು ಆರಾಮಾಗಿ ಬಿಟ್ಟಿದ್ದೇವೆ!" ಎಂದರು.

ಬಿಟ್ಟಿದ್ದೇವೆ. ಆ ಪದ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಆ ಹೊತ್ತಿಗೆ ಏನೂ ಹೇಳಲಾಗಲಿಲ್ಲ, ಪಾಯಸದ ಲೋಟ ಕೈಯಲ್ಲಿತ್ತು, ಮನೆಯವರು ಒಳ್ಳೆಯವರು. ಈಗ ಹೇಳುತ್ತೇನೆ. ದುಬೈಯಲ್ಲಿ ನನ್ನನ್ನು "ಬಿಟ್ಟಿದ್ದರು" ಅನ್ನುವುದು ಸರಿಯಾದ ಮಾತು. ಅಲ್ಲಿ ನಾನು ವೀಸಾದ ಮೇಲೆ ಇದ್ದವಳು. ಅಲ್ಲಿನ ಇಗರ್ಜಿ ತುಂಬುವವರು ಹೆಚ್ಚುಕಡಿಮೆ ಎಲ್ಲರೂ ಹೊರದೇಶದವರು: ಮಲಯಾಳಿಗಳು, ಗೋವೆಯವರು, ನಮ್ಮವರು, ಫಿಲಿಪ್ಪೀನ್ಸಿನವರು, ಲೆಬನಾನಿನವರು. ದೊರೆ ಕೊಟ್ಟ ಜಾಗ, ದೊರೆಯ ಸೌಜನ್ಯ. ಅದಕ್ಕೆ ನಾನು ಮನಸಾರೆ ಋಣಿ. ಆದರೆ ಅದು ಹಕ್ಕಲ್ಲ ಅನ್ನುವುದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮುಸಲ್ಮಾನರ ನಡುವೆ ನಮ್ಮ ಧರ್ಮ ಪ್ರಚಾರ ಮಾಡುವಂತಿಲ್ಲ, ಅದು ಅಪರಾಧ. ಅಲ್ಲಿನ ಪ್ರಜೆಯೊಬ್ಬ ಇಸ್ಲಾಂ ಬಿಟ್ಟು ಬೇರೆ ಧರ್ಮಕ್ಕೆ ಹೋಗುವುದನ್ನು ಕಾನೂನು ಒಪ್ಪುವುದಿಲ್ಲ. ಪೂಜೆಗೆ ಜಾಗವಿದೆ, ಮನಸ್ಸು ಬದಲಿಸಲು ಜಾಗವಿಲ್ಲ. ಇದನ್ನು ನಾನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ. "ನೋಡಿ, ಅವರೆಷ್ಟು ಉದಾರಿಗಳು, ನಮ್ಮ ದೇಶಕ್ಕಿಂತ ವಾಸಿ" ಅಂತ ನನ್ನ ಬಾಯಿಂದ ಹೇಳಿಸಲು ಬರುವ ನಮ್ಮದೇ ವಾಳೆಯ (ಇಗರ್ಜಿಯ ವಾರ್ಡಿನ) ಹುಡುಗರಿಗೂ ಹೇಳಿದ್ದೇನೆ.

ಇಲ್ಲಿ ಮಾತ್ರ ನನ್ನನ್ನು ಯಾರೂ "ಬಿಡಬೇಕಾಗಿಲ್ಲ". ಇದು ನನ್ನ ಊರು. ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ನನಗೂ ಆ ಹಿರಿಯರಿಗೂ ಒಂದೇ. ಬಿಡಲಿಕ್ಕೆ ನೀವು ಯಾರು, ಅಂಕಲ್? 2008ರ ಸೆಪ್ಟೆಂಬರಿನಲ್ಲಿ ನಾನು ಮೊಂತಿ ಫೆಸ್ತಿಗೆ (ಎಂಟನೇ ತಾರೀಕಿನ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ತೆನೆಹಬ್ಬ) ರಜೆ ಹಾಕಿ ಊರಿಗೆ ಬಂದಿದ್ದೆ. 14ನೇ ತಾರೀಕು, ಭಾನುವಾರ. ಹಂಪನಕಟ್ಟೆ ಹತ್ತಿರ ಕ್ಲೇರ್ ಸಿಸ್ಟರುಗಳ ಆರಾಧನಾ ಮಠಕ್ಕೆ ನುಗ್ಗಿ ಒಡೆದರು. ಮನೆಯ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು, ದುಬೈಯಿಂದ ನನ್ನ ರೂಮ್‌ಮೇಟ್ ಅಳುತ್ತಿದ್ದಳು: "ನೀನು ಹೊರಗೆ ಹೋಗ್ಬೇಡ ಮಾರಾಯ್ತಿ, ಪೂಜೆಗೂ ಹೋಗ್ಬೇಡ." ಅವಳು ಉಳ್ಳಾಲದ ಬ್ಯಾರಿ ಮುಸಲ್ಮಾನರ ಮನೆಯವಳು.

ಅವಳ ಮಾತು ಬಂತೆಂದರೆ ಇನ್ನೊಂದು ಪ್ರಶ್ನೆ ಹಿಂದೆಯೇ ಬರುತ್ತದೆ, ಅದಕ್ಕೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. "ಟಿಪ್ಪು ನಿಮ್ಮವರಿಗೆ ಏನು ಮಾಡಿದ ಅಂತ ಮರ್ತುಹೋಯ್ತಾ?" ಮರೆತಿಲ್ಲ. 1784ರಲ್ಲಿ ನಮ್ಮ ಸಾವಿರಾರು ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರೆಷ್ಟೋ, ಅಲ್ಲಿ ಸತ್ತವರೆಷ್ಟೋ. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ, ಟಿಪ್ಪು ಬಿದ್ದ ಮೇಲೆ. ನಮ್ಮಜ್ಜಿ ಈ ಕಥೆಯನ್ನು ದನಿ ತಗ್ಗಿಸಿ ಹೇಳುತ್ತಿದ್ದರು. ಅದು ನಮ್ಮ ಮನೆಯ ದುಃಖ. ಪಕ್ಕದ ಮನೆಯವರ ಮೇಲೆ ಎಸೆಯಲು ಅದನ್ನು ಕಲ್ಲಿನ ಹಾಗೆ ಎರವಲು ಕೇಳಬೇಡಿ, ನಾನು ಕೊಡುವುದಿಲ್ಲ.

ರೂಮ್‌ಮೇಟ್ ಬಗ್ಗೆ ಹೇಳುತ್ತಿದ್ದೆ. ದುಬೈಯ ಕರಾಮಾದಲ್ಲಿ ಒಂದು ಫ್ಲಾಟಿನ ಹಾಲನ್ನು ಪ್ಲೈವುಡ್ಡಿನಲ್ಲಿ ಅಡ್ಡಹಾಕಿದ ಕೋಣೆ, ಎರಡು ಮಂಚ, ನಡುವೆ ಒಂದೇ ಸ್ಟೂಲು. ವರ್ಷಗಟ್ಟಲೆ ಒಟ್ಟಿಗೆ ಇದ್ದೆವು, ಮಾತೆಲ್ಲ ತುಳುವಿನಲ್ಲಿ. ಆಗ ಅಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮ್ಮ "ಭಾನುವಾರದ" ಪೂಜೆಯೂ ಶುಕ್ರವಾರವೇ. ಶನಿವಾರ-ಭಾನುವಾರಕ್ಕೆ ರಜೆ ಬದಲಾದದ್ದು 2022ರಲ್ಲಿ, ಅಷ್ಟರಲ್ಲಿ ನಾನು ಊರಲ್ಲಿದ್ದೆ. ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಶುಕ್ರವಾರ ನಮಗೆ ಮಾಂಸವಿಲ್ಲ, ಅವಳ ಮನೆಮಂದಿಗೆ ಶುಕ್ರವಾರವೇ ಬಿರಿಯಾನಿ. ನಾನು ಪೂಜೆ ಮುಗಿಸಿ ಬಂದು ಮರೆತು ಡಬ್ಬಿಗೆ ಕೈಹಾಕಿದರೆ ಕೈಗೆ ಸೌಟಿನಿಂದ ಹೊಡೆದು, "ಇನಿ ನಿಕ್ಕ್ ಇಜ್ಜಿ" (ಇವತ್ತು ನಿನಗಿಲ್ಲ) ಅನ್ನುತ್ತಿದ್ದಳು. ನನ್ನ ಪಾಲನ್ನು ಫ್ರಿಜ್ಜಿನಲ್ಲಿಟ್ಟು ಶನಿವಾರ ಬಿಸಿ ಮಾಡಿ ಕೊಡುತ್ತಿದ್ದಳು. ಒಂದು ಸೆಪ್ಟೆಂಬರಿನಲ್ಲಿ ಅವಳ ತಮ್ಮ ಊರಿಂದ ಬರುವಾಗ ಹಳೆಯ ಪೇಪರಿನಲ್ಲಿ ಏನೋ ಸುತ್ತಿ ತಂದ. ಬಿಚ್ಚಿದರೆ ಭತ್ತದ ತೆನೆ, ಅವರದೇ ಗದ್ದೆಯದು. "ಇವರಿಗೆ ಎಂಟನೇ ತಾರೀಕಿಗೆ ಬೇಕಾಗ್ತದಲ್ಲ" ಅಂತ ಅವರಮ್ಮ ಕಟ್ಟಿಕೊಟ್ಟದ್ದು. ಅರ್ಧ ಕಾಳು ಸೂಟ್‌ಕೇಸಿನಲ್ಲೇ ಉದುರಿತ್ತು. ಉಳಿದದ್ದನ್ನು ಇಗರ್ಜಿಗೆ ಕೊಂಡುಹೋಗಿ ಆಶೀರ್ವಾದ ಮಾಡಿಸಿ ತಂದು, ಏಳೆಂಟು ಕಾಳು ಸುಲಿದು ಹಾಲಿಗೆ ಹಾಕಿ ಕುಡಿದೆವು, ಅವಳೂ ಕುಡಿದಳು.

ಇಷ್ಟು ವರ್ಷ ಇಷ್ಟು ಜನ ಪ್ರಶ್ನೆ ಕೇಳಿದರಲ್ಲ, ಒಬ್ಬರಾದರೂ ಇನ್ನೊಂದು ರೀತಿ ಕೇಳಬಹುದಿತ್ತು. ಬಿಡ್ತಾರಾ ಅಂತಲ್ಲ, ಬಿಡುವು ಇತ್ತಾ ಅಂತ. ಇಗರ್ಜಿ ಇದ್ದರೇನು, ಹೋಗುವುದಕ್ಕೆ ಬಿಡುವು ಬೇಕಲ್ಲ. ಅಲ್ಲಿ ನಾನು ಕಂಡ ಅತಿ ದೊಡ್ಡ ಅಡ್ಡಗೋಡೆ ಅದು, ಅದಕ್ಕೂ ಖುರಾನಿಗೂ ಸಂಬಂಧವಿಲ್ಲ.

ನಮ್ಮ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಕಾರ್ಕಳ ಕಡೆಯ ಹೆಂಗಸೊಬ್ಬಳು ಮನೆಗೆಲಸಕ್ಕಿದ್ದಳು. ಮೂವತ್ತೈದರ ಆಸುಪಾಸು, ಊರಲ್ಲಿ ಇಬ್ಬರು ಮಕ್ಕಳು. ನಾನು ಲಿಫ್ಟಿನಲ್ಲಿ ಅಮ್ಮನ ಹತ್ತಿರ ಕೊಂಕಣಿಯಲ್ಲಿ ಮಾತಾಡುತ್ತಿದ್ದದ್ದನ್ನು ಕೇಳಿ ಗುರುತು ಮಾಡಿಕೊಂಡಳು. ಅಂದಿನಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಕಸದ ಚೀಲ ಹಿಡಿದು ಲಿಫ್ಟಿನ ಹತ್ತಿರ ನಿಲ್ಲುತ್ತಿದ್ದಳು. ಐದು ದಿರಮಿನ ನೋಟು, ಎಂಟು ಮಡಿಕೆ ಮಾಡಿ ಉಗುರಿನಷ್ಟಾಗಿಸಿದ್ದು, ಪಾತ್ರೆ ತೊಳೆದ ಕೈಯಿಂದ ಒದ್ದೆಯಾದದ್ದು. "ಅಕ್ಕಾ, ನನ್ನ ಹೆಸರಲ್ಲಿ ಒಂದು ಮೊಂಬತ್ತಿ." ಮೊದಲ ಸಲ ನಾನೂ ನಿಮ್ಮ ಹಾಗೆಯೇ ಕೇಳಿದೆ: "ಯಾಕೆ, ಮನೆಯವರು ಬಿಡುವುದಿಲ್ವಾ? ಅರಬ್ಬರಾ?"

ಅರಬ್ಬರಲ್ಲ. ನಮ್ಮವರೇ, ಮಂಗಳೂರಿನ ಕಥೊಲಿಕರು. ಪೂಜೆಯಲ್ಲಿ ನನಗಿಂತ ಎರಡು ಬೆಂಚು ಮುಂದೆ ಕೂರುತ್ತಿದ್ದವರು. ಅವರು ಪೂಜೆಗೆ ಬರಬೇಕಾದರೆ ಚಿಕ್ಕ ಮಗುವನ್ನು ನೋಡಲು, ಶುಕ್ರವಾರದ ಅಡುಗೆ ಮಾಡಲು ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಮನೆಗೆಲಸದವರಿಗೆ ವಾರಕ್ಕೊಂದು ದಿನ ರಜೆ ಕೊಡಬೇಕೆಂದು 2017ರಲ್ಲಿ ಅಲ್ಲಿ ಕಾನೂನೇ ಬಂತು. ಅವಳಿಗೆ ಅದನ್ನು ಹೇಳಿದೆ. "ಒಬ್ಬಳೇ ಎಲ್ಲಿಗೆ ಹೋಗ್ತೀ ಅಂತ ಕೇಳ್ತಾರೆ ಅಕ್ಕಾ" ಎಂದಳು. ಒಂದು ಸಲ ಪೂಜೆಯಾದ ಮೇಲೆ ಆ ಮನೆಯಾಕೆಯನ್ನೇ ತಡೆದು ಕೇಳಿದೆ. "ನಾವು ಟಿವಿಯಲ್ಲಿ ಪೂಜೆ ಹಾಕಿಟ್ಟೇ ಬರ್ತೇವೆ, ಅವಳು ಕೆಲಸ ಮಾಡ್ತಾ ಕೇಳ್ತಾಳೆ" ಎಂದರು. ನಾನು ಮುಂದೆ ಮಾತಾಡಲಿಲ್ಲ. ಜೋರು ಮಾಡಿದರೆ ಅವಳ ಕೆಲಸಕ್ಕೇ ಕುತ್ತು ಬರುತ್ತದೆ ಅಂತ ಹೆದರಿದೆ. ಆ ಹೆದರಿಕೆ ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ, ಮೊಂಬತ್ತಿ ಹಚ್ಚುವಾಗೆಲ್ಲ ನೆನಪಾಗುತ್ತದೆ.

2019ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಅಬುಧಾಬಿಗೆ ಬಂದರು. ಅರಬ್ ಪರ್ಯಾಯ ದ್ವೀಪಕ್ಕೆ ಪೋಪ್ ಒಬ್ಬರು ಕಾಲಿಟ್ಟದ್ದು ಅದೇ ಮೊದಲು. ಅಸ್ಸಿಸಿಯ ಸಂತ ಫ್ರಾನ್ಸಿಸರು ಈಜಿಪ್ಟಿನ ಸುಲ್ತಾನ ಅಲ್ ಕಾಮಿಲನನ್ನು ಧರ್ಮಯುದ್ಧದ ನಡುವೆಯೇ ಹೋಗಿ ಕಂಡದ್ದು 1219ರಲ್ಲಿ, ಅದಕ್ಕೆ ಸರಿಯಾಗಿ ಎಂಟುನೂರು ವರ್ಷ ಹಿಂದೆ. 4ನೇ ತಾರೀಕು ಪೋಪ್ ಮತ್ತು ಈಜಿಪ್ಟಿನ ಅಲ್ ಅಝ್ಹರ್ ವಿದ್ಯಾಪೀಠದ ಮಹಾ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಸೇರಿ ಮಾನವ ಸೋದರತ್ವದ ದಾಖಲೆಗೆ ಸಹಿ ಹಾಕಿದರು. ನಂಬಿಕೆಯ ಸ್ವಾತಂತ್ರ್ಯ ಪ್ರತಿಯೊಬ್ಬರ ಹಕ್ಕು, ಧರ್ಮದಲ್ಲಿ ಬಲವಂತ ಸಲ್ಲದು, ಎಲ್ಲರಿಗೂ ಪೂರ್ಣ ನಾಗರಿಕತ್ವ ಬೇಕು ಎಂದು ಅದರಲ್ಲಿದೆ. ಕಾಗದದ ಮೇಲಿದ್ದದ್ದು ಅಲ್ಲಿನ ಕಾನೂನಿಗೆ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಅದನ್ನು ಇಬ್ಬರೂ ಒಟ್ಟಿಗೆ ಕೂತು ಬರೆದರಲ್ಲ, ನನಗೆ ಅದು ಸಣ್ಣ ಸಂಗತಿಯಲ್ಲ.

ಮಾರನೆಯ ದಿನ, ಮಂಗಳವಾರ, ಝಾಯೆದ್ ಕ್ರೀಡಾಂಗಣದಲ್ಲಿ ಪೂಜೆ. ಟಿಕೆಟ್ ಸಿಕ್ಕಿದವರಿಗೆ ಖಾಸಗಿ ಕೆಲಸದಲ್ಲಿದ್ದರೂ ಆ ದಿನ ರಜೆ ಎಂದು ಸರ್ಕಾರವೇ ಹೇಳಿತ್ತು. ನಾನು ಹೆಸರು ಕೊಡುವಾಗ ಕಾರ್ಕಳದವಳದ್ದನ್ನೂ ಕೊಟ್ಟಿದ್ದೆ. ಟಿಕೆಟ್ ಬಂದ ದಿನ ಮೇಲೆ ಹೋಗಿ ಮನೆಯಾಕೆಯ ಕೈಯಲ್ಲೇ ಇಟ್ಟೆ. ಅವರು ತುಂಬಾ ಹೊತ್ತು ಆ ಕಾಗದ ನೋಡಿ, "ಆಯ್ತು, ಹೋಗಿ ಬರ್ಲಿ" ಎಂದರು.

ಬಸ್ಸು ಬೆಳಗಿನ ಜಾವ ಮೂರಕ್ಕೆ. ಎರಡು ಗಂಟೆಗೆ ಎದ್ದರೆ ಅಡುಗೆಮನೆಯಲ್ಲಿ ದೀಪ. ರೂಮ್‌ಮೇಟ್ ಅಕ್ಕಿರೊಟ್ಟಿ ಬೇಯಿಸುತ್ತಿದ್ದಳು, ಎರಡು ಪೊಟ್ಟಣ. "ರಂಜಾನಿನಲ್ಲಿ ಸಹರಿಗೆ ನೀನು ನನ್ನ ಜೊತೆ ಏಳ್ತಿಯಲ್ಲ" ಎಂದಳು, ಅಷ್ಟೇ. ಕಾರ್ಕಳದವಳು ಕೆಳಗೆ ಗೇಟಿನ ಹತ್ತಿರ ಆಗಲೇ ನಿಂತಿದ್ದಳು. ಮದುವೆಗೆ ಉಡುವಂಥ ಹಸಿರು ಸೀರೆ, ತಲೆಗೆ ಎಣ್ಣೆ ಹಾಕಿ ಬಾಚಿದ್ದಳು.

ಲಕ್ಷಕ್ಕೂ ಮೀರಿ ಜನ. ನಮಗೆ ಸಿಕ್ಕಿದ ಜಾಗ ಎಷ್ಟು ದೂರ ಎಂದರೆ ಪೋಪ್ ಬಿಳಿ ಚುಕ್ಕೆಯಾಗಿ ಕಂಡರು. ಗಾಯನ ಶುರುವಾದಾಗ ಅವಳು ನನ್ನ ಕೈ ಗಟ್ಟಿ ಹಿಡಿದುಕೊಂಡಿದ್ದಳು. ಪ್ರವಚನದ ಹೊತ್ತಿಗೆ ಹಿಡಿತ ಸಡಿಲಾಯಿತು. ತಿರುಗಿ ನೋಡಿದರೆ ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋಗಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ, ರೊಟ್ಟಿಯ ಪೊಟ್ಟಣ ಮಡಿಲಲ್ಲಿದೆ. ಪಕ್ಕದ ಫಿಲಿಪ್ಪಿನೋ ಅಜ್ಜಿ ಅವಳನ್ನು ಎಬ್ಬಿಸಲು ಕೈ ಚಾಚಿದರು. ಬೇಡ ಎಂದು ಸನ್ನೆ ಮಾಡಿದೆ. ಪರಮಪ್ರಸಾದದ ಹೊತ್ತಿಗೆ ನಾನೇ ಎಬ್ಬಿಸಿದೆ.