ತೋಟದ ಮೋಟಾರಿಗೆ ಆದೇಶ ಮುಟ್ಟಿಸಲು: ನ್ಯಾಟ್ ಕೋಷ್ಟಕದೊಡನೆ ಗುದ್ದಾಟ

ಕೋಲಾರ ತಾಲ್ಲೂಕಿನ ನಮ್ಮ ಟೊಮೇಟೊ ತೋಟದ ಬೋರ್‌ವೆಲ್ ಮೋಟಾರು ಕೊನೆಗೂ ಯಾವ ಹೊತ್ತಿನಲ್ಲಿ ಆದೇಶ ಕಳುಹಿಸಿದರೂ ಓಗೊಡುತ್ತಿದೆ. ಮೋಟಾರಿನ ಸ್ವಿಚ್ ಆಗುವ ರಿಲೇ, ಇಎಸ್‌ಪಿ32 ಎಂಬ ನಿಯಂತ್ರಕ ಚಿಪ್ಪು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇವುಗಳ ಜೋಡಣೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ, ಬಹುಕಾಲ ಸತಾಯಿಸಿದ ಒಂದೇ ತೊಡಕನ್ನು, ಅಂದರೆ ಇಂಟರ್ನೆಟ್ ಮೂಲಕ ಕಳುಹಿಸಿದ ಆದೇಶ ದಾರಿಯಲ್ಲೇ ಕಾಣೆಯಾಗುತ್ತಿದ್ದುದನ್ನು, ಇಲ್ಲಿ ದಾಖಲಿಸುತ್ತಿದ್ದೇನೆ.

ತೋಟದ ರೂಟರಿಗೆ ಸಿಕ್ಕಿರುವ ಹೊರವಿಳಾಸ 100.64.0.0/10 ಸಾಲಿನದು. 2012ರ ಆರ್‌ಎಫ್‌ಸಿ 6598 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್‌ನ ನಿಯಮಗಳನ್ನು ಬರೆದಿಡುವ ದಾಖಲೆ) ಇಂಟರ್ನೆಟ್ ಸೇವಾದಾರರ ಒಳಬಳಕೆಗೆಂದು ಮೀಸಲಿಟ್ಟ ಸಾಲು ಅದು. ಪೈಯ 192.168ರ ವಿಳಾಸವನ್ನು ನಮ್ಮ ರೂಟರ್ ಒಮ್ಮೆ ಬದಲಿಸಿದರೆ, ಸೇವಾದಾರರ ಯಂತ್ರ ಅದನ್ನು ಮತ್ತೊಮ್ಮೆ ಬದಲಿಸುತ್ತದೆ. ಹೀಗೆ ವಿಳಾಸ ಬದಲಿಸುವುದೇ ನ್ಯಾಟ್; ಯಾವ ಒಳವಿಳಾಸಕ್ಕೆ ಯಾವ ಹೊರವಿಳಾಸವೆಂಬ ನಮೂದುಗಳನ್ನು ಎರಡೂ ಯಂತ್ರಗಳು ತಂತಮ್ಮ ಕೋಷ್ಟಕದಲ್ಲಿ ಇಟ್ಟುಕೊಳ್ಳುತ್ತವೆ. ನಮ್ಮ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದದ್ದನ್ನು ಪೈಗೆ ದಾಟಿಸುವ ನಿಯಮ) ಬರೆದರೂ ಎರಡನೆಯ ಕೋಷ್ಟಕ ನಮ್ಮ ಕೈಗೆ ಸಿಗುವುದಿಲ್ಲ. ಸ್ಥಿರ ವಿಳಾಸ ಕೇಳಿದಾಗ ಕಚೇರಿಗಳಿಗೆ ಕೊಡುವ ದುಬಾರಿ ಸಂಪರ್ಕ ಕೊಳ್ಳಿರೆಂದರು, ನ್ಯಾಟ್ ಬೇಕಿಲ್ಲದ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ರೈತರ ತೋಟಗಳಿಗೆ ಫೈಬರ್ ಎಳೆದುಕೊಡುವವರು ಈ ಎರಡರಲ್ಲಿ ಒಂದನ್ನಾದರೂ ಸುಲಭವಾಗಿ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಸಾರ್ವಜನಿಕ ವಿಳಾಸವಿರುವ ಬಾಡಿಗೆ ಸರ್ವರಿಗೆ ಪೈಯಿಂದಲೇ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಸುರಂಗ ತೆರೆದೆ. ಪೈ ಮಾತಾಡಿದ ಕೂಡಲೇ ಕಳುಹಿಸಿದ ಆದೇಶಗಳೆಲ್ಲ ತಲುಪಿದವು. ಆದರೆ ನಡುರಾತ್ರಿ ತ್ರೀಫೇಸ್ ಕರೆಂಟು ಬರುವ ನಮ್ಮ ಕಡೆ ನಿಜವಾಗಿ ಬೇಕಾಗುವುದು, ಗಂಟೆಗಟ್ಟಲೆ ಸುಮ್ಮನಿದ್ದ ಮೇಲೆ ಮುಟ್ಟಬೇಕಾದ ಆದೇಶ, ಅದೇ ಕಾಣೆಯಾಗುತ್ತಿತ್ತು. ಎರಡೂ ಕಡೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಸಾಧನ) ಹಾಕಿ ನೋಡಿದಾಗ ಪ್ಯಾಕೆಟ್ಟು ಸರ್ವರಿನಿಂದ ಹೊರಟಿತ್ತು, ಹೊರಗಿನ ಸಂಪರ್ಕ ಸೇರುವ ರೂಟರಿನ ವ್ಯಾನ್ ಪೋರ್ಟಿಗೆ ಬಂದಿರಲಿಲ್ಲ.

ಹಾಗಾದರೆ ಒಳಗೆ ದಾರಿ ತೋರಿಸುವ ನ್ಯಾಟ್ ನಮೂದನ್ನು ಅಳಿಸಿದವರು ಯಾರು? ಎರಡೂ ಕಡೆಯಿಂದ ಸಂಚಾರ ನಡೆದಿರುವ ಯುಡಿಪಿ (ವೈರ್‌ಗಾರ್ಡ್ ಬಳಸುವ ಸಾಗಣೆ ವಿಧಾನ) ಹರಿವಿನ ನಮೂದನ್ನು ಈಗಿನ ಲಿನಕ್ಸ್ ಸಾಮಾನ್ಯವಾಗಿ 120 ಸೆಕೆಂಡು ಉಳಿಸಿಕೊಳ್ಳುತ್ತದೆ, ನಮ್ಮದು ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯುಆರ್‌ಟಿ ರೂಟರ್. ಮೌನದ ಅವಧಿಯನ್ನು ಸ್ವಲ್ಪಸ್ವಲ್ಪವೇ ಹಿಗ್ಗಿಸುತ್ತ ಪರೀಕ್ಷಿಸಿದೆ. ಅರ್ಧ ನಿಮಿಷದವರೆಗೆ ಆದೇಶ ತಲುಪಿತು. ಒಂದು ನಿಮಿಷಕ್ಕೆ ತಲುಪಲಿಲ್ಲ, ಆದರೂ ರೂಟರಿನ ಕಾನ್‌ಟ್ರ್ಯಾಕ್ ಕೋಷ್ಟಕದಲ್ಲಿ ನಮೂದು ಹಾಗೆಯೇ ಇತ್ತು. ಅಲ್ಲಿಗೆ ಸೇವಾದಾರರ ನ್ಯಾಟ್ ಅದನ್ನು ಮೊದಲೇ ಅಳಿಸಿದೆ ಎಂಬುದು ಸ್ಪಷ್ಟವಾಯಿತು. ಇಂಥ ನಮೂದನ್ನು ಎರಡು ನಿಮಿಷಕ್ಕಿಂತ ಮೊದಲು ಅಳಿಸಕೂಡದೆಂದು 2007ರ ಆರ್‌ಎಫ್‌ಸಿ 4787 ಹೇಳುತ್ತದೆ, ಐದು ನಿಮಿಷ ಇಡುವುದು ಒಳ್ಳೆಯದೆಂದೂ ಶಿಫಾರಸು ಮಾಡುತ್ತದೆ. ಪಾಲಿಸದಿರುವುದರ ಬಗ್ಗೆ ದೂರು ಕೊಟ್ಟರೆ, ರೂಟರನ್ನು ಆಫ್ ಮಾಡಿ ಆನ್ ಮಾಡಿರೆಂಬ ಸಲಹೆ ಬಂತು.

ಪರಿಹಾರ ಒಂದು ಸಾಲಿನದು: ಪೈಯ ವೈರ್‌ಗಾರ್ಡ್ ಕಡತದಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ ಮೌಲ್ಯ 25 ಸೆಕೆಂಡು, ಅಂದರೆ ಸುಮ್ಮನಿದ್ದರೂ ಪೈ 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ಟು ಹೊರಗೆ ಕಳುಹಿಸುತ್ತದೆ. ಇದನ್ನು ಸರ್ವರಿನ ಕಡೆ ಬರೆದು ನಂಬಿಕೊಳ್ಳಬಾರದು. ಒಳಗಿನಿಂದ ಹೊರಗೆ ಹೋಗುವ ಪ್ಯಾಕೆಟ್ಟು ನಮೂದನ್ನು ನವೀಕರಿಸಲೇಬೇಕೆಂಬ ಕಡ್ಡಾಯ ಅದೇ ಆರ್‌ಎಫ್‌ಸಿ 4787ರಲ್ಲಿದೆ, ಹೊರಗಿನಿಂದ ಬರುವ ಪ್ಯಾಕೆಟ್ಟಿಗೆ ಹಾಗಿಲ್ಲ. ಅಲ್ಲದೆ ನಮೂದು ಅಳಿದ ಮೇಲೆ ಹೊರಗಿನ ಪ್ಯಾಕೆಟ್ಟಿಗೆ ದಾರಿಯೇ ಇರುವುದಿಲ್ಲ.

ಮುಂದೆ ಟೊಮೇಟೊ ಸಾಲುಗಳಲ್ಲಿ ಮಣ್ಣಿನ ತೇವಾಂಶ ಅಳೆಯುವ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ) ನೋಡ್‌ಗಳನ್ನು 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹಾಕುವ ಯೋಜನೆಯಿದೆ; ಗೇಟ್‌ವೇ ಇದೇ ಸುರಂಗದ ಮೂಲಕ ಮಾತಾಡಲಿದೆ. ಫೈಬರ್ ಕಡಿದಾಗ ನೆರವಾಗಲೆಂದು 4ಜಿ ಮೋಡೆಮ್ ಕೂಡ ತರಬೇಕು, ಅದರ ಕಂಪನಿಯ ನ್ಯಾಟ್ ನಮೂದನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತದೆಂದು ಇದೇ ಕ್ರಮದಲ್ಲಿ ಅಳೆದ ಮೇಲೆಯೇ 25ನ್ನು ಉಳಿಸುವುದೋ ಇಳಿಸುವುದೋ ನಿರ್ಧರಿಸುತ್ತೇನೆ.